ಒಂದು ಮಿಲಿಮೀಟರಿನ ಜಗಳ

ಮಾರ್ಚ್ ೧೪, ಮಂಗಳವಾರ
ಮಧ್ಯಾಹ್ನ

ಡಾಕ್ಟ್ರೇ,

ಹೀಗೆ ಕರೆದು ಆರು ವರ್ಷವಾಯಿತು. ಆಸ್ಪತ್ರೆಯಲ್ಲಿ ಎಲ್ಲರೂ ಭಯಕ್ಕೆ ಹಾಗೆ ಕರೆಯುತ್ತಿದ್ದರು, ಮನೆಯಲ್ಲಿ ನಾನೊಬ್ಬಳು ತಮಾಷೆಗೆ ಕರೆಯುತ್ತಿದ್ದೆ. ಇವತ್ತು ಯಾವುದಕ್ಕೆ ಕರೆದೆ ಅಂತ ನನಗೇ ಗೊತ್ತಿಲ್ಲ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ, ಹೊಲಿಗೆ ಎಳೆಯುವುದಿಲ್ಲ. ನಿಮ್ಮ ಹತ್ತಿರ ಆಪರೇಷನ್ ಮಾಡಿಸಿಕೊಂಡವರಿಗೆಲ್ಲ ಇದನ್ನೇ ಹೇಳಿ ಗದರಿದವರು ನೀವು. ಈಗ ನರ್ಸ್ ದಿಂಬು ಕೊಟ್ಟರೆ ಆಚೆ ತಳ್ಳುತ್ತೀರಂತೆ, ಮಗಳು ಹೇಳಿದಳು.

ಮೂರನೇ ಮಹಡಿಯಲ್ಲಿ ನೀವು, ನೆಲಮಾಳಿಗೆಯ ಲ್ಯಾಬಿನಲ್ಲಿ ನಾನು. ಲಿಫ್ಟ್ ಹತ್ತಿದರೆ ಮುಗಿಯಿತು, ಕಾಗದ ಯಾಕೆ ಅಂತ ನಿಮಗೆ ಅನಿಸಬಹುದು. ನನ್ನ ಮುಖ ಓದುವ ಚಟ ನಿಮಗೆ. ಬಾಯಿ ತೆರೆಯುವ ಮುಂಚೆಯೇ ಎಲ್ಲಾ ಗೊತ್ತಾಯ್ತು ಬಿಡು ಅನ್ನುತ್ತೀರಿ, ಅರ್ಧ ಸಲ ತಪ್ಪು ಓದಿರುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ನಿಮಗೆ ಆಪರೇಷನ್ ಮಾಡಿದ ನಿಮ್ಮ ಶಿಷ್ಯ ಥಿಯೇಟರಿನ ಬಟ್ಟೆಯಲ್ಲೇ ಕೆಳಗಿಳಿದು ಬಂದ. ಕೈಯಲ್ಲಿ ಡಬ್ಬಿ. ಇದನ್ನ ನೀವೇ ನೋಡ್ಬೇಕಂತೆ ಮೇಡಂ, ಬೇರೆಯವರು ಮುಟ್ಟಬಾರದಂತೆ, ಸರ್ ಮೊದಲೇ ಹೇಳಿಟ್ಟಿದಾರೆ ಅಂದ. ಮನೆಯವರದ್ದನ್ನು ನಾವು ನೋಡುವ ಹಾಗಿಲ್ಲ, ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದೆ. ಅವನು ಕದಲಲಿಲ್ಲ. ತಲೆ ತಗ್ಗಿಸಿಕೊಂಡು, ಅವಳಾದ್ರೆ ನನ್ನ ಸಮಾಧಾನಕ್ಕೆ ಸುಳ್ಳು ಬರೆಯಲ್ಲ ಅಂತಾನೂ ಅಂದ್ರು ಮೇಡಂ ಅಂದ. ಆರು ವರ್ಷದಲ್ಲಿ ನಿಮ್ಮಿಂದ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು, ಅದೂ ಇನ್ನೊಬ್ಬರ ಬಾಯಲ್ಲಿ. ಪಕ್ಕದ ಟೇಬಲ್ಲಿನ ಡಾಕ್ಟರಮ್ಮನೂ ಜೊತೆಗೆ ನೋಡಿ ಸಹಿ ಹಾಕಬೇಕು ಅಂತ ಷರತ್ತು ಹಾಕಿ ಡಬ್ಬಿ ತೆಗೆದುಕೊಂಡೆ.

ಮೇದೋಜೀರಕ ಗ್ರಂಥಿಯ ತಲೆ, ಅದಕ್ಕೆ ಅಂಟಿದ ಕರುಳಿನ ತುಂಡು, ಪಿತ್ತಕೋಶ. ಇಂಥದ್ದನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಇದನ್ನು ತೂಕದ ತಟ್ಟೆಗೆ ಇಡದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದ್ದೇನೆ, ನಿಮ್ಮ ಭಾರವನ್ನು ಹೀಗೆ ಯಾವತ್ತೂ ಹಿಡಿದಿರಲಿಲ್ಲ. ಆಮೇಲೆ ಟ್ರೇ ಮೇಲೆ ಇಟ್ಟು ಕೆಲಸ ಶುರು ಮಾಡಿದೆ.

ಅಂಚು ಶುದ್ಧ ಇದ್ರೆ ಬದುಕ್ತೀನಿ, ಇಲ್ಲಾಂದ್ರೆ ಇಲ್ಲ, ಅಷ್ಟೇ ಲೆಕ್ಕ ಅಂತ ಮಗಳಿಗೆ ಹೇಳಿದ್ದೀರಂತೆ. ಈ ಮಾತನ್ನು ನೀವು ಆಡಿದಿರಿ ಅಂತ ಕೇಳಿ ನನಗೆ ನಗು ಬಂತು. ಅಂಚು ಅಂದರೆ ಮೂಗಿನ ತುದಿಗೆ ಕೋಪ ಬರುತ್ತಿದ್ದ ಮನುಷ್ಯ ನೀವು. ನಿಮಗೆ ಗೊತ್ತಿರುವುದನ್ನೇ ಈಗ ಮತ್ತೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ನಾವಿಬ್ಬರೂ ದನಿ ಏರಿಸದೆ ಕೂತು ಒಂದು ಸಲವೂ ಮಾತಾಡಲಿಲ್ಲ.

ನೀವು ಗಡ್ಡೆ ಕತ್ತರಿಸಿ ಕಳಿಸುತ್ತಿದ್ದಿರಿ. ಕತ್ತರಿಸಿದ ಅಂಚಿಗೆ ನಾನು ಬಣ್ಣ ಬಳಿದು, ಹೆಚ್ಚಿ, ಕ್ಯಾನ್ಸರ್ ಆ ಬಣ್ಣದವರೆಗೂ ಬಂದಿದೆಯೇ ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆ. ಬಂದಿಲ್ಲ ಅಂದರೆ ಅಂಚು ಶುದ್ಧ, ಬಂದಿದ್ದರೆ ಒಳಗೂ ಒಂದಿಷ್ಟು ಉಳಿದಿದೆ ಅಂತ ಅರ್ಥ. ಅಲ್ಲೊಂದು ಇಲ್ಲೊಂದು ಚೂರು ತೆಗೆದು ನೋಡುವುದು ಹಳೆಯ ಪದ್ಧತಿ. ಆ ಲೆಕ್ಕದಲ್ಲಿ ನಿಮ್ಮ ಹತ್ತು ಆಪರೇಷನ್‌ಗಳಲ್ಲಿ ಎಂಟು ಶುದ್ಧ. ಆ ಎಂಟನ್ನು ನೀವು ದೊಡ್ಡ ದೊಡ್ಡ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳಿದಿರಿ, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವಳು ನಾನೇ. ಆಮೇಲೆ ನಮ್ಮ ಸಂಶೋಧನೆಗೆ ಅಂತ ಹಳೆಯ ಗಡ್ಡೆಗಳನ್ನೆಲ್ಲ ಮತ್ತೆ ಹೊರಗೆ ತೆಗೆದು, ಬ್ರೆಡ್ ಹೆಚ್ಚಿದ ಹಾಗೆ ತುದಿಯಿಂದ ತುದಿಗೆ ಹೆಚ್ಚಿ, ಅಂಚಿಗೆ ಒಂದು ಮಿಲಿಮೀಟರಿಗಿಂತ ಹತ್ತಿರ ಬಂದಿದ್ದರೂ ಕೆಟ್ಟದ್ದೇ ಅಂತ ಎಣಿಸಿದೆ. ಎಂಟು ಹೋಗಿ ಎರಡಾಯಿತು.

ಪ್ರಕಟಿಸಬೇಡ ಅಂತ ನೀವು ಅನ್ನಲಿಲ್ಲ, ಅಷ್ಟು ಸಣ್ಣವರಲ್ಲ ನೀವು. ಆದರೆ ಊಟಕ್ಕೆ ಕೂತಾಗ, ಇದು ಕೂದಲು ಸೀಳೋ ಕೆಲಸ ಅಂದಿರಿ. ಅಂಚು ಶುದ್ಧ ಇದ್ದೋರೂ ಲಿವರಿನಲ್ಲಿ ಚುಕ್ಕೆ ಹೊತ್ಕೊಂಡು ವಾಪಸ್ ಬರ್ತಾರಲ್ಲ, ಆಗ ನಿನ್ನ ಮಿಲಿಮೀಟರ್ ಎಲ್ಲಿ ಹೋಗಿರುತ್ತೆ ಅಂತ ಕೇಳಿದಿರಿ. ಚುಕ್ಕೆ ಬರದೇ ಬದುಕಿರೋರನ್ನೂ ಎಣಿಸಿ ಅಂತ ನಾನೂ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಅನ್ನ ಆರಿ ಹೋಯಿತು. ಮಗಳು ತಟ್ಟೆ ಎತ್ತಿಕೊಂಡು ತನ್ನ ರೂಮಿಗೆ ಹೋದಳು.

ನಿಮ್ಮ ಸಿಟ್ಟು ನನ್ನ ಮೇಲಲ್ಲ ಅಂತ ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಆ ಬಸ್ ಡ್ರೈವರ್ ನೆನಪಿದ್ದಾನಲ್ಲ, ಎಲ್ಲಾ ತೆಗೆದಿದ್ದೀನಿ, ಹೋಗಿ ಬಸ್ ಓಡ್ಸು ಅಂತ ನೀವು ಬೆನ್ನು ತಟ್ಟಿ ಕಳಿಸಿದವನು. ಎರಡನೇ ಸಲ ಎಣಿಸಿದಾಗ ಅವನ ಅಂಚು ಕೆಟ್ಟಿತ್ತು. ಲೇಖನ ಅಚ್ಚಾದ ವಾರ ನೀವು ಅವನ ಬಸ್ಸು ಹತ್ತಿ, ಕೊನೆಯ ಸ್ಟಾಪಿನವರೆಗೂ ಅವನ ಹಿಂದಿನ ಸೀಟಿನಲ್ಲೇ ಕೂತಿದ್ದು, ಏನೂ ಹೇಳಲಾಗದೆ ಅದೇ ಬಸ್ಸಿನಲ್ಲಿ ವಾಪಸ್ ಬಂದಿರಂತೆ. ಡಾಕ್ಟ್ರು ನನ್ನ ಬಸ್ಸಲ್ಲಿ ಬಂದಿದ್ರು ಅಂತ ಅವನು ಬೀದಿಗೆಲ್ಲ ಹೇಳಿಕೊಂಡು ಬಂದನಂತೆ. ಇದನ್ನು ನನಗೆ ಹೇಳಿದ್ದು ಅವನ ಹೆಂಡತಿ, ಅವನು ತೀರಿಹೋದ ಮೇಲೆ. ಆ ಹೊತ್ತಿಗೆ ನೀವು ಸೂಟ್‌ಕೇಸ್ ತೆಗೆದುಕೊಂಡು ಆಸ್ಪತ್ರೆಯ ಕ್ವಾರ್ಟರ್ಸ್ ಸೇರಿಯಾಗಿತ್ತು. ಗೊತ್ತಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆನೋ ಏನೋ.

ಆಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ದಾರ. ಗಡ್ಡೆಯ ಯಾವ ಬದಿ ಯಾವುದು ಅಂತ ತಿಳಿಯಲು ಎಲ್ಲಾ ಸರ್ಜನ್‌ಗಳೂ ಗುರುತಿಗೆ ದಾರ ಹೊಲಿದು ಕಳಿಸುತ್ತಾರೆ. ನಿಮ್ಮದು ರಕ್ತನಾಳದ ಬದಿಗೆ ಉದ್ದ ದಾರ, ಬೆನ್ನಿನ ಬದಿಗೆ ಗಿಡ್ಡ ದಾರ. ಒಂದಿಷ್ಟು ತಿಂಗಳು ಕಳೆದ ಮೇಲೆ ನಿಮ್ಮ ಡಬ್ಬಿಗಳಲ್ಲಿ ಮೂರನೇ ದಾರ ಕಾಣಿಸತೊಡಗಿತು. ಚೀಟಿಯಲ್ಲಿ ಅದರ ಬಗ್ಗೆ ಒಂದಕ್ಷರ ಇಲ್ಲ. ವಯಸ್ಸಾಯಿತು, ಮರೆತು ಇನ್ನೊಂದು ಹೊಲಿದಿದ್ದೀರಿ ಅಂದುಕೊಂಡೆ. ಅದರ ಕೆಳಗೆ ಹೆಚ್ಚಿ ನೋಡಿದರೆ, ಎಷ್ಟೋ ಸಲ ಅಲ್ಲೇ ಅಂಚು ಕೆಟ್ಟಿರುತ್ತಿತ್ತು. ಇಲ್ಲಿ ನನಗೆ ಅನುಮಾನ, ಸರಿಯಾಗಿ ನೋಡು ಅಂತ ನೀವು ಹೇಳುತ್ತಿದ್ದಿರಿ. ಜಪ್ಪಯ್ಯ ಅಂದರೂ ಬಾಯಿಬಿಟ್ಟು ಒಪ್ಪದ ಮನುಷ್ಯ ಸೂಜಿಯಲ್ಲಿ ಒಪ್ಪಿಕೊಂಡಿದ್ದರು. ನಾನೇನು ಕಮ್ಮಿಯೇ, ನನ್ನ ರಿಪೋರ್ಟಿನಲ್ಲಿ ಆ ದಾರದ ಕೆಳಗೆ ಕಂಡದ್ದನ್ನು ಬೇರೆ ಪ್ಯಾರಾ ಮಾಡಿ ಬರೆದೆ. ನೀವು ಅದನ್ನೇ ಮೊದಲು ಓದುತ್ತೀರಿ ಅಂತ ಶಿಷ್ಯ ಒಮ್ಮೆ ಬಾಯಿ ತಪ್ಪಿ ಹೇಳಿದ್ದ. ಇಷ್ಟರಲ್ಲೇ ಸಂಸಾರ ಮಾಡಿದೆವು.

ನಿಮ್ಮ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡವಳೂ ನಾನೇ. ಲಿಫ್ಟಿನಲ್ಲಿ ಇಬ್ಬರೇ ಇದ್ದೆವು, ಇಬ್ಬರೂ ಬಾಗಿಲ ಮೇಲಿನ ನಂಬರ್ ನೋಡುತ್ತಿದ್ದೆವು. ಕಣ್ಣು ತೋರಿಸಿ ಅಂದೆ. ನಿದ್ದೆ ಇಲ್ಲ ಅಷ್ಟೇ ಅಂದಿರಿ. ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಲಿಫ್ಟ್ ನಿಂತಿತು, ನೀವು ಇಳಿದು ಹೋದಿರಿ, ಕೆಳಗೆ ಲ್ಯಾಬಿಗೆ ಹೋಗಬೇಕಾದ ನಾನು ಮೇಲೆ ಹೋಗಿಬಿಟ್ಟಿದ್ದೆ.

ಈಗ ಸುದ್ದಿ. ನಿಮ್ಮ ಶಿಷ್ಯ ನಿಮ್ಮ ಗಡ್ಡೆಗೂ ಮೂರನೇ ದಾರ ಹಾಕಿದ್ದ, ರಕ್ತನಾಳದ ಪಕ್ಕ. ಅಲ್ಲೇ ಮೊದಲು ಹೆಚ್ಚಿದೆ. ಅಲ್ಲಿ ಶುದ್ಧ. ಬೆನ್ನಿನ ಬದಿ ಶುದ್ಧ. ಪಿತ್ತನಾಳದ ತುದಿ ಶುದ್ಧ. ತೀರಾ ಹತ್ತಿರ ಬಂದ ಕಡೆಯೂ ಒಂದೂವರೆ ಮಿಲಿಮೀಟರ್ ಬಿಟ್ಟುಕೊಂಡಿದೆ. ನಂಬಿಕೆ ಬರದೆ ಇನ್ನಷ್ಟು ಚೂರು ಮಾಡಿಸಿ ನೋಡಿದೆ, ಪಕ್ಕದ ಡಾಕ್ಟರಮ್ಮನೂ ನೋಡಿದರು. ನಿಮ್ಮ ಲೆಕ್ಕದಲ್ಲೂ ಶುದ್ಧ, ನನ್ನ ಲೆಕ್ಕದಲ್ಲೂ ಶುದ್ಧ. ಹುಡುಗ ನಿಮಗಿಂತ ಚೆನ್ನಾಗಿ ಕತ್ತರಿಸಿದ್ದಾನೆ. ಅವನೆದುರು ಹೇಳಬೇಡಿ, ತಲೆ ಭುಜದ ಮೇಲೆ ನಿಲ್ಲುವುದಿಲ್ಲ.

ಇಂಥ ಸುದ್ದಿ ಬರೆಯುವಾಗ ಅಕ್ಷರ ಯಾಕೆ ಹೀಗೆ ಸೊಟ್ಟಗಿದೆ ಅಂತ ಕೇಳಬೇಡಿ. ನಿನ್ನೆಯಿಂದ ಏನೂ ತಿಂದಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಕ್ವಾರ್ಟರ್ಸ್‌ಗೆ ಹೋಗುವುದು ಬೇಡ, ಮನೆಗೆ ಬನ್ನಿ. ಮೆಟ್ಟಿಲು ಹತ್ತುವ ಕೆಲಸ ಇಲ್ಲದ ಹಾಗೆ ಕೆಳಗಿನ ರೂಮಿನಲ್ಲಿ ಮಂಚ ಹಾಕಿಸಿದ್ದೇನೆ, ಕಿಟಕಿಯ ಪಕ್ಕಕ್ಕೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ ಕೂರಿಸಿ ಅಂತ ಪ್ಲಂಬರಿಗೆ ಹೇಳಿದ್ದೇನೆ. ಇಷ್ಟೆಲ್ಲಾ ಈಗಲೇ ಯಾಕಮ್ಮಾ, ಅಪ್ಪ ನಾಲ್ಕು ದಿನಕ್ಕೆ ಓಡಾಡ್ತಾರೆ ಅಂತ ಮಗಳು ಕೇಳಿದಳು. ಇರಲಿ ಬಿಡೇ ಅಂದೆ. ನಾನು ಮುಂದಿನ ತಿಂಗಳಿಂದ ರಜೆ ಬರೆದಿದ್ದೇನೆ. ಎಷ್ಟು ದಿನಕ್ಕೆ ಅನ್ನುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನನಗೆ ನೀವು ಬೇಕು. ಇದನ್ನು ದಾರ ಹಾಕಿ ಹೇಳಲು ನನಗೆ ಬರುವುದಿಲ್ಲ, ಅದಕ್ಕೆ ಬರೆದೇ ಹೇಳುತ್ತಿದ್ದೇನೆ.

ನಿಮ್ಮ ಮೇಲಿನ ಸಿಟ್ಟು ಇನ್ನೂ ಒಂದು ಮಿಲಿಮೀಟರಿನಷ್ಟು ಉಳಿದಿರುವ,
ನಿಮ್ಮ ಹೆಂಡತಿ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಡಬ್ಬಿಯ ಜೊತೆ ಒಂದು ಪುಟ್ಟ ಶೀಶೆಯೂ ಬಂದಿತ್ತು. ಹೊಟ್ಟೆ ಮುಚ್ಚುವ ಮುಂಚೆ ಕೊನೆಯ ಸಲ ಕೈಯಾಡಿಸುವಾಗ ಲಿವರಿನ ಅಡಿಯಲ್ಲಿ ಎಳ್ಳುಕಾಳಿನಷ್ಟು ಬಿಳಿ ಚುಕ್ಕೆ ಸಿಕ್ಕಿತಂತೆ. ಏನೂ ಇರಲ್ಲ ಮೇಡಂ, ಸುಮ್ನೆ ತೆಗೆದೆ ಅಂದಿದ್ದ ನಿಮ್ಮ ಶಿಷ್ಯ. ಅದನ್ನು ಎಲ್ಲಕ್ಕಿಂತ ಕೊನೆಗೆ, ನಿನ್ನೆ ಬೆಳಿಗ್ಗೆ ನೋಡಿದೆ. ಅಲ್ಲಿಗೂ ಹೋಗಿದೆ, ಅದೇ ಕ್ಯಾನ್ಸರ್. ಡಾಕ್ಟರಮ್ಮನಿಗೆ ತೋರಿಸಿದೆ, ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅಂಚಿನ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಒಂದು ಕಾಗದ ಓದುವಷ್ಟು ಹೊತ್ತಾದರೂ ನೀವು ಗುಣವಾದ ಮನುಷ್ಯರಾಗಿರಬೇಕು ಅಂತ ಇದನ್ನು ಕೆಳಗೆ ಇಟ್ಟೆ. ಕೆಲಸ ಮುಗಿಸಿ ಮೇಲೆ ಬರುತ್ತೇನೆ, ಅಷ್ಟು ಹೊತ್ತಿಗೆ ಮಗಳೂ ಬಂದಿರುತ್ತಾಳೆ. ಅವಳಿಗೆ ಇನ್ನೂ ಗೊತ್ತಿಲ್ಲ. ನೀವು ಹೇಳುವುದು ಬೇಡ, ನಾನೇ ಹೇಳುತ್ತೇನೆ. ನೀವು ಅವಳ ಕೈ ಹಿಡಿದುಕೊಂಡಿರಿ, ಸಾಕು.