ನಡೆಯುವುದು ಹುಳದ ಮನೆಯಲ್ಲಿ

"ಗಂಡ್ಸು ಗೋಡೆ ಹಿಡ್ಕಂಡು ನಡೀತಾನಾ, ಥೂ!" ಅಂತ ನಿಮ್ಮ ಗೆಳೆಯ ಪಿಳ್ಳಣ್ಣ ಜಗಲಿಯಲ್ಲಿ ಕೂತು ನಕ್ಕರು. ಅವತ್ತೇ ನೀವು ನಡೆಯುವುದನ್ನು ಬಿಟ್ಟಿರಿ. ಎದುರು ಬೀದಿಗೂ ಗಾಡಿ ಕಟ್ಟಿಸುವ ಆಸಾಮಿಯ ಮಾತು ನಿಮಗೆ ವೇದವಾಕ್ಯ! ಸಕ್ಕರೆ ಕಾಯಿಲೆಗೆ ಪಾದ ಮರಗಟ್ಟಿದೆ, ದಿನಾ ನಡೆಯದಿದ್ದರೆ ನಿಲ್ಲುವುದಕ್ಕೂ ಆಗುವುದಿಲ್ಲ ಎಂದು ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ್ದು ಮಾತ್ರ ಗಾಳಿಗೆ ಹೋಯಿತು.

ನಾನು ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟೆ. ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದೀರಲ್ಲ, ಅದಕ್ಕೇ ಈ ಚೀಟಿ.

ಹುಳದ ಮನೆ ಖಾಲಿಯಾಗಿದೆ. ಹುಳದ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡುಗಳ ನಡುವೆ ನಡೆಯಿರಿ, ಎರಡೂ ಕಡೆ ಹಿಡಿಯಲು ಸಿಗುತ್ತದೆ. ಬಿದ್ದರೆ ಪೆಟ್ಟಾಗದ ಹಾಗೆ ಗೋಣಿ ಹಾಸಿದ್ದೇನೆ. ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪನ್ನು ಬೇಕೆಂದೇ ಬಿಚ್ಚಿಲ್ಲ. ಅದು ಇರುವವರೆಗೆ, ಹುಳಕ್ಕೆ ಮೈಲಿಗೆ ಎಂದು ಹೊರಗಿನವರು ಯಾರೂ ಒಳಗೆ ಬರುವುದಿಲ್ಲ, ಪಿಳ್ಳಣ್ಣನೂ ಸೇರಿ. ನಿಮ್ಮ ಗಂಡಸುತನ ಅಲ್ಲಿ ಭದ್ರವಾಗಿರುತ್ತದೆ.

ಮುದ್ದೆ, ಸೊಪ್ಪಿನ ಸಾರು ಆ ಸ್ಟ್ಯಾಂಡುಗಳ ಸಾಲಿನ ಕೊನೆಯಲ್ಲಿದೆ. ಹಸಿದರೆ ಅಲ್ಲಿಯವರೆಗೆ ಹೋಗಿ, ಇಲ್ಲದಿದ್ದರೆ ಪಿಳ್ಳಣ್ಣನನ್ನು ಬಡಿಸಲು ಕರೆಯಿರಿ.

ಬೆಳಿಗ್ಗೆ ಇದನ್ನೇ ಹೇಳಿದ್ದಕ್ಕೆ, "ನನ್ನೂ ಒಂದು ಹುಳ ಅನ್ಕಂಡಿದ್ದೀಯೇನೇ?" ಎಂದು ಕೂಗಿದಿರಿ.

"ಹುಳ ತಿಂದಿದ್ದಕ್ಕೆ ಗೂಡಾದ್ರೂ ಕಟ್ತದೆ ಕಣ್ರೀ" ಎಂದೆ.

ನೀವು ಎದ್ದು ನಿಂತು ನನ್ನ ಮೇಲೆ ದಿಂಬು ಎಸೆದಿರಿ. ಎಸೆದ ಮೇಲೂ ಮಂಚದ ಪಕ್ಕದಲ್ಲಿ ನಿಂತೇ ಇದ್ದಿರಿ, ಏನನ್ನೂ ಹಿಡಿಯದೆ.