ಕುಬಸದ ಹಸಿರು ಸೀರೆ

ಇಳಕಲ್
೧೧-೮-೧೯೮೧

ಮಗಳು ಕತ್ರೀನಳಿಗೆ ಅಪ್ಪ ಇನ್ನಾಸಪ್ಪನ ಆಶೀರ್ವಾದ.

ಬರುವ ಸೋಮವಾರ ಬಸಿರು ತೆಗೆಯಲು ನನ್ನ ಸಹಿ ಬೇಕೆಂದು ನೀನು ಕಳಿಸಿದ ದವಾಖಾನೆಯ ಕಾಗದ ತಲುಪಿತು. ಸೀರೆ ವ್ಯಾಪಾರದಲ್ಲಿ ಓದದೆಯೇ ಎಷ್ಟೋ ಸಹಿ ಹಾಕಿದವನು, ಇದನ್ನು ಮೂರು ಸಲ ಓದಿದೆ. ಜೀವ ದೇವರದು ಎಂದು ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುವವನೂ ನಾನೇ. ಆದರೂ ಎರಡು ದಿನ ಪೆನ್ನು ಹಿಡಿದು ಕೂತಿದ್ದೆ. ಸಹಿ ಹಾಕಲಿಲ್ಲ.

"ನಿಮ್ಮ ಮರ್ಯಾದಿ ಉಳೀಲಿ, ಅಪ್ಪಾ" ಎಂದು ಬರೆದಿದ್ದೀ. ಕೂಸು ಬೇಡ ಎಂದು ಎಲ್ಲೂ ಬರೆದಿಲ್ಲ. ನನ್ನ ಮರ್ಯಾದೆಗೆ ಅಷ್ಟು ಬೆಲೆ ಇಲ್ಲ, ತಾಯಿ.

ಇವತ್ತು ನೇಕಾರ ನೀಲಪ್ಪನಿಗೆ, ಬಸುರಿಗೆ ಕುಬಸದಲ್ಲಿ ಉಡಿಸುವ ಹಸಿರು ಸೀರೆ ನೇಯಲು ಹೇಳಿದೆ.

"ಯಾರಿಗ್ರಿ, ಸಾವಕಾರ್ರ?"

"ಮುಂದ ನಮ್ಮ ಕತ್ರೀನಳ ಏಳನೇ ತಿಂಗಳ ಕುಬಸಕ್ಕ."

"ಮದುವಿ ಯಾವಾಗಾತ್ರಿ?"

"ಆಗಿಲ್ಲ. ನೀ ಅಂಚು ನೋಡ್ಕೊಂಡು ನೇಯಿ."

ಅವನ ಕೈಯ ಲಾಳಿ ನಿಂತಿತು. ನೀಲಪ್ಪನಿಗೆ ಹೇಳಿದ್ದು ಸಂಜೆಯೊಳಗೆ ಇಳಕಲ್ಲಿಗೆಲ್ಲ ಗೊತ್ತಾಗುತ್ತದೆ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ.

ಸೀರೆ ಹೇಳಿದ್ದು ಕೇಳಿ ನಿಮ್ಮವ್ವ ನನ್ನ ಕೂಡ ಮಾತು ಬಿಟ್ಟಿದ್ದಾಳೆ. ನೀನು ಬಂದರೆ ನಿನ್ನ ಕೂಡ ಆಡಿಯಾಳು. ಶನಿವಾರ ನಮ್ಮ ಚರ್ಚಿನಲ್ಲಿ ಮರಿಯಮ್ಮನವರ ಹಬ್ಬ. ಬಾಗಲಕೋಟೆಯಿಂದ ಮೊದಲ ಬಸ್ಸಿಗೆ ಬಾ, ನಾನೇ ಅರ್ಧ ದಾರಿಗೆ ಬಂದು ಅಮೀನಗಡದಲ್ಲಿ ಕಾಯುತ್ತೇನೆ. ಅದರಿಂದ ನೀನು ಇಳಿಯದಿದ್ದರೆ, ಎರಡನೆಯ ಬಸ್ಸನ್ನೂ ನೋಡುತ್ತೇನೆ.

ನಿನ್ನ ಅಪ್ಪ,
ಇನ್ನಾಸಪ್ಪ