ಊದಿಸುವವರಿಲ್ಲದ ಯಂತ್ರ

ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ,

ನೂಲಿನ ಗಿರಣಿಯಲ್ಲಿ ದುಡಿದು ಉಬ್ಬಸ ಹತ್ತಿಸಿಕೊಂಡ ನನ್ನ ತಂಗಿಯನ್ನು ನಿನ್ನೆ ಶ್ವಾಸಕೋಶದ ಪರೀಕ್ಷೆಗೆ ತಮ್ಮಲ್ಲಿಗೆ ಕರೆತಂದಿದ್ದೆ. ತಮ್ಮ ಸಹಾಯಕಿ ಅವಳ ಬಾಯಿಗೆ ಉಸಿರು ಅಳೆಯುವ ಯಂತ್ರದ ಕೊಳವೆಯಿಟ್ಟು, ಮೊಬೈಲಿನಿಂದ ಕಣ್ಣೆತ್ತದೆ, “ಊದಮ್ಮಾ” ಎಂದಳು. ಇವಳು ಬಿಸಿ ಹಾಲು ಆರಿಸುವಂತೆ ಊದಿದಳು. “ಈ ಅಜ್ಜಿಗೆ ಊದೋಕೇ ಬರಲ್ಲ ಸಾರ್” ಎಂಬ ಒಂದೇ ಮಾತಿಗೆ ತಾವು ‘ರೋಗಿ ಸಹಕರಿಸಲಿಲ್ಲ’ ಎಂದು ಬರೆದು, ಯಂತ್ರವನ್ನು ಬೀರುವಿಗೆ ಸೇರಿಸಿ, ದೊಡ್ಡಾಸ್ಪತ್ರೆಗೆ ಹೋಗಲು ಹೇಳಿದಿರಿ. ಬಸ್ಸಿನ ಮೆಟ್ಟಿಲನ್ನೇ ಹತ್ತಲಾರದವಳು ಅಲ್ಲಿಗೆ ಹೋಗಲಾರಳು. ಪರೀಕ್ಷೆಯಾಗದೆ ತಾವು ಔಷಧಿ ಕೊಡಲಾರಿರಿ.

ಎದೆ ತುಂಬ ಉಸಿರೆಳೆದು, ಅದು ಬರಿದಾಗುವವರೆಗೆ ರಭಸದಿಂದ ಊದಬೇಕು. ಪಕ್ಕದಲ್ಲಿ ನಿಂತವರು ಬಿಡದೆ ಹುರಿದುಂಬಿಸಬೇಕು. ಯಂತ್ರದ ಪೆಟ್ಟಿಗೆಯ ಮೇಲೆಯೇ ಹೀಗೆಂದು ಅಚ್ಚಾಗಿದೆ. ಪುರುಸೊತ್ತಾದಾಗ ಓದಿ.

ಸೋಮವಾರ ಅವಳನ್ನು ಮತ್ತೆ ಕರೆತರುತ್ತೇನೆ. ದಯವಿಟ್ಟು ಬೀರುವಿನ ಬೀಗ ತೆಗೆಸಿಡಿ. ಹಿಂದಿನ ಬೆಂಚಿನ ಸೋಮಾರಿಗಳಿಂದಲೂ ಮಗ್ಗಿ ಹೇಳಿಸಿದವಳು ನಾನು. ಊದಿಸುವ ಕೆಲಸ ನನಗಿರಲಿ. ಸಹಾಯಕಿ ಗುಂಡಿ ಒತ್ತಿದರೆ ಸಾಕು.

ಮನೆಗೆ ಬಂದ ಮೇಲೆ ತಂಗಿ, “ತಪ್ಪು ನಂದೇ ಕಣಕ್ಕಾ, ಪಾಪ ಡಾಕ್ಟ್ರನ್ನ ಬೈಬೇಡ” ಎಂದು ಏದುಸಿರಿನಲ್ಲಿ ಬೇಡಿಕೊಂಡಳು. ಆದ್ದರಿಂದ ಈ ಪತ್ರದಲ್ಲಿ ತಮ್ಮನ್ನು ಬೈದಿಲ್ಲ.

ಇತಿ,
ರೋಗಿಯ ಅಕ್ಕ,
ನಿವೃತ್ತ ಶಾಲಾ ಶಿಕ್ಷಕಿ